ಮೊಳೆಯಲ್ಲಿ ಉಳಿದ ಬಿಲ್ಲೆ

ಬೇಸಿಗೆ ಮುಗಿದ ಮೇಲೆ ಇಲ್ಲಿನವರು ಸಮುದ್ರಕ್ಕೆ ಚಾಚಿದ ಜೆಟ್ಟಿಯ ಹಲಗೆಗಳಿಗೆ ಪೈನ್ ಮರದಿಂದ ಇಳಿಸಿದ ಕಪ್ಪೆಣ್ಣೆ ಬಳಿಯುತ್ತಾರೆ. ಸೌದೆ ಒಲೆಯ ಹೊಗೆಗೆ ಕಷಾಯದ ಕಹಿ ಬೆರೆಸಿದಂಥ ವಾಸನೆ ಅದರದು. ಕಳೆದ ಶನಿವಾರ ಗೋಥೆನ್‌ಬರ್ಗಿನ ಅಂಚಿನ ಟೋರ್ಸ್‌ಲಾಂಡದ ಆಚೆ ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಇಳಿದು, ಬಂಡೆಗಳ ನಡುವಿನ ಕಾಲುದಾರಿ ಹಿಡಿದೆನೋ ಇಲ್ಲವೋ, ಅದು ಮೂಗಿಗೆ ಬಡಿಯಿತು. ಅಲ್ಲೇ ನಿಂತೆ. ವಾಪಸು ಹೋಗಿಬಿಡೋಣ ಅನ್ನಿಸಿತು.

ಬೇಕೆಂದೇ ಒಂದು ಬಸ್ಸು ಮುಂಚೆ ಬಂದಿದ್ದೆ. ಹೆಸರಿನ ಬಿಲ್ಲೆಗಳ ಆ ಹಲಗೆಯನ್ನು ಮೊದಲು ಒಬ್ಬಳೇ ನೋಡಬೇಕಿತ್ತು. ಜೆಟ್ಟಿಯ ಬಾಯಲ್ಲಿ, ಬಟ್ಟೆ ಬದಲಾಯಿಸುವ ಕೋಣೆಯ ಗೋಡೆಗೆ ಅದು ಹಾಗೇ ಇತ್ತು. ಎರಡು ಸಾಲು ಮೊಳೆ, ಮರದ ಬಿಲ್ಲೆಗಳು, ಒಂದೊಂದರ ಮೇಲೆ ಒಂದೊಂದು ಹೆಸರು. ಮೇಲಿನ ಸಾಲು ದಡದಲ್ಲಿರುವವರದು. ಕೆಳಗಿನ ಸಾಲು ನೀರಿನಲ್ಲಿರುವವರದು. ಕೆಳಗಿನ ಸಾಲಿನ ಕೊನೆಯ ಮೊಳೆಯಲ್ಲಿ ಒಂದೇ ಒಂದು ಬಿಲ್ಲೆ ನೇತಾಡುತ್ತಿತ್ತು. ಬಿಸಿಲು ಮಳೆ ತಿಂದು ಅಕ್ಷರ ಮಾಸಿದ್ದರೂ ಓದಲು ಬರುತ್ತಿತ್ತು: ಗಣಪತಿ.

ಅದು ಅಲ್ಲಿ ಉಳಿದ ಮೇಲೆ ಇದು ಮೂರನೇ ಅಕ್ಟೋಬರ್. ಆ ಬಿಲ್ಲೆಯನ್ನು ಯಾರೂ ಮುಟ್ಟಿರಲಿಲ್ಲ.

ನಾನು ಚಿತ್ರದುರ್ಗದವಳು. ನಾನು ಬೆಳೆದಾಗ ನಮ್ಮ ಬೀದಿಯಲ್ಲಿ ನೀರು ಅಂದರೆ ನಾಲ್ಕು ದಿನಕ್ಕೊಮ್ಮೆ ಬರುವ ನಲ್ಲಿ. ಈಜು ಕಲಿತದ್ದು ಮೂವತ್ತಾರನೇ ವಯಸ್ಸಿನಲ್ಲಿ, ಗೋಥೆನ್‌ಬರ್ಗಿನಲ್ಲಿ, ನಗರಸಭೆಯ ಈಜುಕೊಳದಲ್ಲಿ, ಆರು ವರ್ಷದ ಮಕ್ಕಳ ಜೊತೆ ಸಾಲಿನಲ್ಲಿ ನಿಂತು. ಆ ಮಕ್ಕಳು ನನಗೆ ಚಪ್ಪಾಳೆ ತಟ್ಟಿದ್ದೂ ಉಂಟು. ಕೆಲಸ ಲಿಂಡ್‌ಹೋಲ್ಮೆನ್‌ನ ಒಂದು ಆಫೀಸಿನಲ್ಲಿ. ಕಾರಿನ ಬ್ರೇಕಿಗೆ ಬರೆದ ಸಾಫ್ಟ್‌ವೇರ್ ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವುದು. ಕೆಡುಕು ಹುಡುಕಿಯೇ ನಾನು ಅನ್ನ ತಿನ್ನುವುದು. ಆ ಬಿಲ್ಲೆ ಉಳಿದ ದಿನದ ಕೆಡುಕು ನನ್ನಂಥವಳ ಕಣ್ಣಿಗೆ ಬೀಳದೇ ಹೋಗಿದ್ದರೆ ಬೇರೆ ಮಾತು. ಕಣ್ಣಿಗೆ ಬಿದ್ದಿತ್ತು, ಅದೇ ನನ್ನ ಸಂಕಟ.

ಆ ವರ್ಷ ನನ್ನ ವರ್ಕ್ ಪರ್ಮಿಟ್ ನವೀಕರಣಕ್ಕೆ ಹೋಗಿ ಕೂತಿತ್ತು. ಅದು ಬರುವವರೆಗೆ ದೇಶ ಬಿಟ್ಟು ಹೋದರೆ ಮರಳುವ ಖಾತ್ರಿ ಇಲ್ಲ, ಹಾಗಾಗಿ ದೀಪಾವಳಿಗೂ ಊರಿಲ್ಲ. ಅಕ್ಟೋಬರಿನ ಹೊತ್ತಿಗೆ ನಿದ್ದೆ ಪೂರ್ತಿ ಹಾರಿಹೋಗಿತ್ತು. ನಮ್ಮ ಕಟ್ಟಡದ ಬಟ್ಟೆ ಒಗೆಯುವ ಕೋಣೆಯಲ್ಲಿ ನನ್ನ ಮುಖ ನೋಡಿ, ಮೂರನೇ ಮಹಡಿಯ ಗುನಿಲ್ಲಾ ಕೇಳಿದಳು, ಈಜು ಬರುತ್ತದಾ ಎಂದು. ಎಪ್ಪತ್ತೆರಡರ ಹೆಂಗಸು, ನರ್ಸ್ ಆಗಿ ನಿವೃತ್ತಳಾದವಳು, ಬೆನ್ನು ಕಂಬದ ಹಾಗೆ ನೆಟ್ಟಗೆ. ಸ್ವೀಡಿಷಿಗೆ ಇಂಗ್ಲಿಷು ಬೆರೆಸಿ ಅವಳು ಹೇಳುತ್ತಿದ್ದುದೆಲ್ಲ ಈಗ ನನ್ನ ತಲೆಯಲ್ಲಿ ಕನ್ನಡವಾಗಿಯೇ ಉಳಿದುಕೊಂಡಿದೆ.

ನಿದ್ದೆಗೆ ತಣ್ಣೀರೇ ಮದ್ದೆಂದು ಅವಳು ಈ ಜೆಟ್ಟಿಗೆ ಕರೆತಂದ ಮೊದಲ ದಿನ ನೀರು ಹನ್ನೆರಡು ಡಿಗ್ರಿ ಇತ್ತು. ಗುನಿಲ್ಲಾ ನನ್ನನ್ನು ಏಣಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿಸಿದಳು. ಸೊಂಟ ಮುಟ್ಟುತ್ತಲೇ ಎದೆ ತಾನಾಗಿ ಗಾಳಿ ಎಳೆದುಕೊಂಡಿತು. ಒಮ್ಮೆಯಲ್ಲ, ಹತ್ತು ಸಲ, ಬೇಡವೆಂದರೂ.

"ಉಸಿರು ಬಿಡು. ತಗೊಳ್ಳೋದು ಅದೇ ತಗೊಳ್ಳುತ್ತೆ, ನೀನು ಬಿಡು. ತಲೆ ಮುಳುಗಿಸಬೇಡ. ಈಗ ತಲೆ ನೀರಿನೊಳಗಿದ್ದರೆ ನೀನು ಎಳೆದದ್ದು ಗಾಳಿಯಲ್ಲ."

ಅವಳ ಕಟ್ಟಳೆಗಳು ಬಹಳವಿದ್ದವು, ಒಂದಕ್ಕೂ ರಿಯಾಯಿತಿ ಇರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಇಳಿಯಬಾರದು. ಒಬ್ಬಳೇ ಇಳಿಯಬಾರದು. ಧುಮುಕಬಾರದು. ಎರಡು ಡಿಗ್ರಿ ಇದ್ದರೆ ಎರಡೇ ನಿಮಿಷ, ಅದೂ ಏಣಿ ಕೈಗೆಟುಕುವಷ್ಟರಲ್ಲಿ. ಹೊರಗೆ ಬಂದ ಕೂಡಲೇ ಒದ್ದೆ ಬಟ್ಟೆ ಕಳಚಿ ಉಣ್ಣೆ ಹಾಕಬೇಕು, ಮಾತು ಆಮೇಲೆ. ಯಾಕೆಂದರೆ ಮೈ ಅತಿ ತಣ್ಣಗಾಗುವುದು ನೀರಿನಲ್ಲಲ್ಲ, ಹೊರಗೆ ಬಂದ ಹತ್ತು ನಿಮಿಷಕ್ಕೆ. ಕೈಕಾಲಿನ ತಣ್ಣನೆ ರಕ್ತ ಆಗ ಎದೆಯ ಕಡೆ ಹೊರಡುತ್ತದೆ. "ಗೆದ್ದೆ ಅಂತ ನಗ್ತಾ ನಿಂತಿರ್ತಾರಲ್ಲ, ಅವರನ್ನೇ ನಾನು ನೋಡ್ತಿರ್ತೀನಿ," ಎನ್ನುತ್ತಿದ್ದಳು.

ಬಿಲ್ಲೆಯ ಕಟ್ಟಳೆ ಎಲ್ಲಕ್ಕಿಂತ ದೊಡ್ಡದು. ಇಳಿಯುವಾಗ ನಿನ್ನ ಬಿಲ್ಲೆಯನ್ನು ಕೆಳಗಿನ ಮೊಳೆಗೆ ಹಾಕು. ಬಂದ ಮೇಲೆ ನೀನೇ, ನಿನ್ನ ಕೈಯಿಂದಲೇ, ಮೇಲಕ್ಕೆ ಹಾಕು. ಪಾಪ ಮರೆತಿದ್ದಾರೆ ಅಂತ ಇನ್ನೊಬ್ಬರದನ್ನು ಎತ್ತಿಡಕೂಡದು. ನವೆಂಬರಿನ ಒಂದು ದಿನ, ಯಾಕೆ ಇಷ್ಟು ಬಿಗಿ ಎಂದು ಕೇಳಿದೆ. ಅವಳು ಕಾಫಿಗೆ ಊದುತ್ತ ಹೇಳಿದಳು: "ಒಬ್ಬನದು ಉಳಿದಿತ್ತು. ಚೆನ್ನಾಗಿ ಈಜೋನು. ಯಾರೋ ಮರೆವು ಅಂತ ಮೇಲೆ ಹಾಕಿದರು. ನಾವೆಲ್ಲ ಕೂತು ಕಾಫಿ, ಬನ್ನು ಮುಗಿಸಿದೆವು." ಅಷ್ಟೇ. ಆಮೇಲೆ ಬನ್ನಿನ ಪೊಟ್ಟಣ ನನ್ನ ಕಡೆ ತಳ್ಳಿದಳು. ಅದರ ಏಲಕ್ಕಿ ವಾಸನೆ ಆವತ್ತು ನನಗೆ ಸೇರಲಿಲ್ಲ.

ಆದರೂ ನಿದ್ದೆ ಬಂತು. ನೀರು ಎಂಟಕ್ಕೆ ಇಳಿಯಿತು, ಆರಕ್ಕೆ ಇಳಿಯಿತು, ನಾನು ಕೂಸಿನ ಹಾಗೆ ಮಲಗುತ್ತಿದ್ದೆ. ಬಾಯಿ ಸುಮ್ಮನಿರಬೇಕಲ್ಲ. ಕನ್ನಡದವರ ಒಂದು ಊಟದ ಕೂಟದಲ್ಲಿ ಬಿಸಿಬೇಳೆಬಾತು ಬಡಿಸಿಕೊಳ್ಳುತ್ತ ಜಂಬ ಕೊಚ್ಚಿಕೊಂಡೆ, ಅದು ಗಣಪಣ್ಣನ ಕಿವಿಗೆ ಬಿತ್ತು.

ಗಣಪಣ್ಣ ಹೊನ್ನಾವರದವರು. ಶರಾವತಿ ಸಮುದ್ರ ಸೇರುವ ಕಡೆ ಹುಟ್ಟಿ, ನಡೆಯುವುದಕ್ಕೆ ಮುಂಚೆ ಈಜಿದೆ ಎನ್ನುವವರು. ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಎಂಜಿನಿಯರು, ಐವತ್ತಕ್ಕೆ ಎರಡು ಕಮ್ಮಿ. ನಾನು ಈ ದೇಶಕ್ಕೆ ಬಂದ ವಾರ ನನ್ನ ಮಂಚ ಜೋಡಿಸಿಕೊಟ್ಟವರು, ಪರ್ಸನ್‌ನುಮ್ಮರ್ ಎಂಬ ಗುರುತಿನ ಸಂಖ್ಯೆ ಸಿಗದೆ ನಾನು ಅತ್ತಾಗ ಕಚೇರಿಗೆ ಜೊತೆಗೆ ಬಂದು ಕೂತವರು. ಅವರೂ ಅವರ ಹೆಂಡತಿ ವಿದ್ಯಕ್ಕನೂ ನನಗೆ ಇಲ್ಲಿ ತವರಿನ ಹಾಗೆ.

"ಎರಡು ಮಿನಿಟ್ ಅಂತೆ, ಏಣಿ ಹಿಡ್ಕೊಂಡಂತೆ! ಅದನ್ನ ಈಜು ಅಂತಾರೇನ್ರೀ?" ಎಂದು ಎಲ್ಲರನ್ನೂ ನಗಿಸಿದರು. "ನೀರಿಗಿಳಿದ ಮೇಲೆ ಚಳಿ ಏನು, ಮಳೆ ಏನು? ನಾನೂ ಬರ್ತೀನಿ ಸುಮಾ, ನಿಮ್ಮ ಅಜ್ಜಿಗೆ ಸ್ವಲ್ಪ ಈಜು ತೋರ್ಸೋಣ."

ಆ ಗಾದೆಯನ್ನು ನಾನೂ ನೂರು ಸಲ ಆಡಿದವಳೇ. ಅದನ್ನು ಮಾಡಿದವರು ಬೆಚ್ಚನೆ ನೀರಿನ ದೇಶದವರು ಎಂದು ಆಗ ಹೊಳೆಯಲಿಲ್ಲ.

ಡಿಸೆಂಬರಿನಲ್ಲಿ ಬಂದರು. ಗುನಿಲ್ಲಾ ಅವರ ಹೆಸರು ಬರೆದ ಬಿಲ್ಲೆಯನ್ನು ತಾನೇ ಸಿದ್ಧಮಾಡಿ ತಂದಿದ್ದಳು. ಅವರು ಅದನ್ನು ಕೆಳಗಿನ ಮೊಳೆಗೆ ನೇತುಹಾಕಿ, ನಾನು ಬಾಯಿ ತೆರೆಯುವುದರೊಳಗೆ ಓಡಿಹೋಗಿ ಜೆಟ್ಟಿಯ ತುದಿಯಿಂದ ತಲೆಕೆಳಗಾಗಿ ಧುಮುಕಿದರು. ನೀರು ನಾಲ್ಕು ಡಿಗ್ರಿ. ಮೇಲೆ ಬಂದಾಗ ಅವರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಸದ್ದಿಲ್ಲ. ಕಣ್ಣು ನನ್ನ ಮೇಲಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಐದಾರು ಸೆಕೆಂಡು ಇರಬಹುದು. ಆಮೇಲೆ ಒಂದು ಕೂಗು ಹಾಕಿ ನಕ್ಕರು. ಗುನಿಲ್ಲಾ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಬಸ್ಸಿನಲ್ಲಿ ನನ್ನ ಪಕ್ಕ ಕೂತು ಹೇಳಿದಳು: "ಹೆದರಿದವಳಿಗೆ ನಾನು ಕಲಿಸಬಲ್ಲೆ. ಇವನಿಗೆ ನನ್ನಲ್ಲಿ ಪಾಠವಿಲ್ಲ."

ಸಂಕ್ರಾಂತಿ ಬಂತು. ಆ ವರ್ಷ ಅದು ರಜೆಯ ದಿನವೇ ಬಿದ್ದಿತ್ತು. ಉತ್ತರಾಯಣದ ಸ್ನಾನ ಸಮುದ್ರದಲ್ಲೇ ಆಗಬೇಕು, ಮೂರು ಮುಳುಗು ಹಾಕಿ ಸೂರ್ಯನಿಗೆ ಅರ್ಘ್ಯ ಕೊಡಬೇಕು ಎಂದು ಗಣಪಣ್ಣ ಹಟ ಹಿಡಿದರು. ಗುನಿಲ್ಲಾಗೆ ಹೇಳಿದೆ. "ನಾನಿಲ್ಲದೆ ನೀವು ಹೋದರೆ ಇನ್ನೂ ಕೆಟ್ಟದ್ದು," ಎಂದು ಬಂದಳು.

ಬೆಳಗ್ಗೆ ಹತ್ತು ಗಂಟೆ. ಎದುರಿನ ದ್ವೀಪದ ಬಂಡೆಯ ಮೇಲೆ ಸೂರ್ಯ ತವರದ ಬಿಲ್ಲೆಯ ಹಾಗೆ, ಬಿಸಿಯೇ ಇಲ್ಲದೆ ಕೂತಿದ್ದ. ನೈರುತ್ಯದ ಗಾಳಿ ಬೀಸುತ್ತಿತ್ತು. ಕಡಲಿನ ಮೇಲೆ ಒಂದು ಹಕ್ಕಿಯೂ ಇರಲಿಲ್ಲ. ಏಣಿಯ ಸರಳುಗಳಿಗೆ ಹಿಮ ಕಟ್ಟಿತ್ತು, ಗುನಿಲ್ಲಾ ಅದನ್ನು ಸುತ್ತಿಗೆಯಿಂದ ಕೆಡವಿದಳು. ನೀರು ಎರಡು ಡಿಗ್ರಿ.

"ತಿಂಡಿ ಆಯ್ತಾ ಗಣಪಣ್ಣ?" ಎಂದೆ.

"ಹಬ್ಬದ ದಿನ ಸ್ನಾನ ಆಗದೆ ಬಾಯಿಗೆ ಹಾಕೋದುಂಟಾ? ಕಾಫೀನೂ ಇಲ್ಲ ಇವತ್ತು."

ವಿದ್ಯಕ್ಕ ನಾನು ತಂದಿದ್ದ ಎಳ್ಳುಬೆಲ್ಲದ ಡಬ್ಬಿ ಹಿಡಿದುಕೊಂಡು ಗೋಡೆಯ ಮರೆಗೆ ನಿಂತರು. "ಬೇಗ ಮುಗ್ಸಿ ಅಂತ ಹೇಳು ಸುಮಾ, ನನ್ನ ಮಾತು ಎಲ್ಲಿ ಕೇಳ್ತಾರೆ," ಎಂದರು. ಗಣಪಣ್ಣ ಬಿಲ್ಲೆ ಕೆಳಗೆ ಹಾಕಿ, ಪಂಚೆಯನ್ನು ಕಚ್ಚೆ ಬಿಗಿದು, ಈ ಸಲ ಏಣಿಯಲ್ಲೇ ಇಳಿದರು. ಮೂಗು ಹಿಡಿದು ಮೂರು ಮುಳುಗು ಹಾಕಿದರು. ಅಲ್ಲಿಗೆ ನಿಂತಿದ್ದರೆ ಸಾಕಿತ್ತು. ದೂರದಲ್ಲಿ ತೇಲುತ್ತಿದ್ದ ಹಳದಿ ಬೋಯಾದ ಕಡೆ ತಿರುಗಿ ಕೈ ಬೀಸತೊಡಗಿದರು. ಗುನಿಲ್ಲಾ ಕೂಗಿದಳು, ನಾನೂ ಕೂಗಿದೆ. ಹೋಗುವಾಗ ಕೈಗಳು ಚೆನ್ನಾಗಿ ಎದ್ದು ಬೀಳುತ್ತಿದ್ದವು. ಬರುವಾಗ ಮೊಣಕೈ ನೀರಿನಿಂದ ಮೇಲೇಳುತ್ತಿರಲಿಲ್ಲ. ಗುನಿಲ್ಲಾಳ ಗಡಿಯಾರದಲ್ಲಿ ಒಂಬತ್ತು ನಿಮಿಷ.

ಆದರೂ ಏಣಿ ಹತ್ತಿ ತಾವೇ ಬಂದರು. ಮೈ ಬೇಯಿಸಿದ ಸಿಗಡಿಯ ಹಾಗೆ ಕೆಂಪಗಿತ್ತು. ನಗುತ್ತಿದ್ದರು. ಗುನಿಲ್ಲಾ ಉಣ್ಣೆ ಹೊದಿಕೆ ಚಾಚಿದಳು, ಹಲಗೆಯ ಕಡೆ ಬೆರಳು ತೋರಿಸಿದಳು. ಅವರು ಅಂಗೈ ಎತ್ತಿ, ತಡಿ, ಎಂದು ಸನ್ನೆ ಮಾಡಿದರು. ಅರ್ಘ್ಯ ಒದ್ದೆ ಬಟ್ಟೆಯಲ್ಲೇ ಆಗಬೇಕು. ಅವರ ತಾಯಿ ಕೊಟ್ಟಿದ್ದ ಹಿತ್ತಾಳೆಯ ತಂಬಿಗೆಯಲ್ಲಿ ನೀರು ತುಂಬಿಸಿ, ಜೆಟ್ಟಿಯ ತುದಿಯಲ್ಲಿ ಸೂರ್ಯನಿಗೆ ಮುಖ ಮಾಡಿ ನಿಂತರು. ಒದ್ದೆ ಪಂಚೆ ಗಾಳಿಗೆ ಕಾಲಿಗೆ ಅಂಟಿಕೊಂಡು ಪಟಪಟ ಎನ್ನುತ್ತಿತ್ತು.

ಸೂರ್ಯನ ಹನ್ನೆರಡು ಹೆಸರು ನನಗೂ ಗೊತ್ತು. ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು ಸೂರ್ಯನಮಸ್ಕಾರಕ್ಕೆಂದು ಬಾಯಿಪಾಠ ಮಾಡಿಸಿದ್ದರು. ಮಿತ್ರಾಯ ನಮಃ, ರವಯೇ ನಮಃ, ಸೂರ್ಯಾಯ ನಮಃ, ಭಾನವೇ ನಮಃ. ಒಂದೊಂದು ಹೆಸರಿಗೆ ಒಂದೊಂದು ಧಾರೆ. ಭಾನವೇ ಆದ ಮೇಲೆ ಖಗಾಯ ಬರಬೇಕು. ಗಣಪಣ್ಣ ತಡವರಿಸಿದರು. ಮತ್ತೆ ಮಿತ್ರಾಯ ಎಂದರು.

ಮರೆತಿರಬೇಕು ಅಂದುಕೊಂಡೆ. ರವಯೇ, ಸೂರ್ಯಾಯ, ಭಾನವೇ. ಮತ್ತೆ ಮಿತ್ರಾಯ. ಈ ಸಲ ನಾಲಿಗೆ ದಪ್ಪಗಿತ್ತು, ಮಿತ್ರ ಎನ್ನುವುದು ಮಿತ್ತ ಎಂದು ಕೇಳಿಸಿತು. ಮೈ ನಡುಗುವುದು ನಿಂತಿತ್ತು. ನಡುಕ ನಿಂತರೆ ಒಳ್ಳೆಯದಲ್ಲ ಎಂದು ಗುನಿಲ್ಲಾ ಹೇಳಿದ್ದು ನನಗೆ ನೆನಪಾಯಿತು. ಕೆಟ್ಟ ಸಾಫ್ಟ್‌ವೇರ್ ಹೀಗೆ ಒಂದೇ ಕಡೆ ಸುತ್ತುವುದನ್ನು ದಿನಾ ಪರದೆಯ ಮೇಲೆ ನೋಡುವವಳು ನಾನು. ಒಂದು ಹೆಜ್ಜೆ ಮುಂದಿಟ್ಟೆ. ವಿದ್ಯಕ್ಕ ತುಟಿಯ ಮೇಲೆ ಬೆರಳಿಟ್ಟರು. ಪೂಜೆಯ ನಡುವೆ ಮಾತಾಡಿಸಬಾರದು.

ಆಗ ಗುನಿಲ್ಲಾ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು: "ಇದು ಹೀಗೇ ಇರುತ್ತಾ? ಮತ್ತೆ ಮತ್ತೆ ಅದನ್ನೇ ಹೇಳೋದಾ?"

ನಾನು "ಯಾ" ಎಂದೆ. ಹೌದು, ಹೀಗೇ.

ಯಾಕೆ ಹಾಗೆಂದೆ? ನನಗೆ ಮಂಚ ಜೋಡಿಸಿಕೊಟ್ಟ ಮನುಷ್ಯ ಹೊರಗಿನವಳ ಎದುರಿಗೆ ಮಂತ್ರ ಮರೆತು ತೊದಲುತ್ತಿದ್ದಾರೆ ಎಂದು ಹೇಳಲು ನಾಚಿಕೆಯಾಯಿತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದನ್ನು ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ. ಗುನಿಲ್ಲಾ ತಲೆಯಾಡಿಸಿ ಹಿಂದೆ ಸರಿದಳು. ಇನ್ನೊಬ್ಬರ ದೇವರ ವಿಷಯಕ್ಕೆ ಬಾಯಿ ಹಾಕುವವಳಲ್ಲ ಅವಳು. ಮತ್ತೊಂದು ಸುತ್ತು, ಮಿತ್ರಾಯದಿಂದ ಭಾನವೇವರೆಗೆ, ನಾವು ಮೂವರು ಹೆಂಗಸರು ಕೈಕಟ್ಟಿ ನೋಡುತ್ತ ನಿಂತೆವು.

ತಂಬಿಗೆ ಬಿತ್ತು. ಹಲಗೆಗೆ ಬಡಿದು ನೀರಿಗೆ ಹೋಯಿತು. ಗಣಪಣ್ಣ ತಮ್ಮ ಖಾಲಿ ಕೈಯನ್ನು ನೋಡಿಕೊಂಡರು. "ಆಯಿ ತಂಬಿಗೆ," ಎಂದರು. ನಮ್ಮ ನಡುವೆ ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದವರ ಬಾಯಲ್ಲಿ ಊರಿನ ಮಾತು ಬಂದಿತ್ತು. "ಎಂತ ಇಲ್ಲೆ, ಎಂತ ಇಲ್ಲೆ," ಎನ್ನುತ್ತ, ಯಾರನ್ನೋ ಸಮಾಧಾನ ಮಾಡುವ ಹಾಗೆ ಮೆಲ್ಲಗೆ ಏಣಿಯ ಕಡೆ ನಡೆದು, ಎರಡು ಮೆಟ್ಟಿಲು ಇಳಿದು, ಕೈ ಬಿಟ್ಟರು.

ಮುಳುಗುವವರು ಕೂಗುತ್ತಾರೆ ಎಂದು ಸಿನಿಮಾ ನೋಡಿ ತಿಳಿದಿದ್ದೆ. ಅವರು ಕೂಗಲಿಲ್ಲ. ಕೈ ಬಡಿಯಲಿಲ್ಲ. ನೀರಿನಲ್ಲಿ ನೆಟ್ಟಗೆ ನಿಂತ ಹಾಗೆ, ಗಲ್ಲ ಮುಳುಗಿ, ನಮ್ಮನ್ನೇ ನೋಡುತ್ತಿದ್ದರು. ಒಂದು ಅಲೆ ಬಾಯಿಯ ಮೇಲೆ ಹೋಯಿತು. ಇನ್ನೊಂದು ಕಣ್ಣಿನ ಮೇಲೆ.

ನಾನು ಜಾಕೆಟ್ ಕಿತ್ತುಹಾಕುತ್ತಿದ್ದೆ. ಗುನಿಲ್ಲಾ ನನ್ನ ತೋಳನ್ನು ಹಿಡಿದ ಹಿಡಿತದ ಕಲೆ ವಾರದವರೆಗೆ ಇತ್ತು. "ಇಳಿಯಬೇಡ! ಇಬ್ಬರನ್ನು ನಾನು ಎಳೆಯಲಾರೆ. ಬಳೆ ಎಸೆ!"

ಗೋಡೆಯ ಮೇಲಿದ್ದ ಕೆಂಪು ಬಿಳಿ ತೇಲುಬಳೆಯನ್ನು ಹಗ್ಗದ ಸಮೇತ ಎಸೆದೆ. ಮೊದಲ ಸಲ ಆಚೆ ಬಿತ್ತು. ಎಳೆದುಕೊಂಡು ಮತ್ತೆ ಎಸೆದೆ. ಅವರ ಎದೆಗೇ ಹೋಗಿ ತಾಗಿತು. ಅವರು ಕೈಯನ್ನು ಅದರ ಮೇಲಿಟ್ಟರು, ಕೈ ಜಾರಿತು. ಬೆರಳುಗಳು ಮಡಚುತ್ತಿರಲಿಲ್ಲ. ಗುನಿಲ್ಲಾ ಸ್ವೀಡಿಷಿನಲ್ಲಿ ಏನೋ ಕೂಗುತ್ತಿದ್ದಳು, ಅದು ಅವರವರೆಗೆ ಹೋಗುತ್ತಿರಲಿಲ್ಲ. ನಾನು ಹಲಗೆಯ ಮೇಲೆ ಬೋರಲು ಬಿದ್ದು ಕಿರುಚಿದೆ:

"ಗಣಪಣ್ಣ, ಹಿಡೀಬೇಡಿ! ತೋಳು ತೂರ್ಸಿ! ಬಳೆ ಒಳಗೆ ತೋಳು ತೂರ್ಸಿ!"

ಯಾವ ಅಲೆಯ ಸಂದಿನಲ್ಲಿ ಕೇಳಿಸಿತೋ. ಬಲ ಮೊಣಕೈ ಮೆಲ್ಲಗೆ ಎದ್ದು ಬಳೆಯೊಳಗೆ ಹೋಯಿತು. ಮೂವರೂ ಎಳೆದೆವು.

ಮೇಲಕ್ಕೆ ತಂದ ಮೇಲೆ ವಿದ್ಯಕ್ಕ ಅಳುತ್ತ ಫ್ಲಾಸ್ಕಿನ ಬಿಸಿನೀರನ್ನು ಅವರ ಪಾದಕ್ಕೆ ಸುರಿಯಲು ಹೋದರು. ನಮ್ಮಲ್ಲಿ ಯಾರಾದರೂ ಅದನ್ನೇ ಮಾಡುತ್ತಿದ್ದೆವು. ಗುನಿಲ್ಲಾ ಕೈ ತಡೆದಳು. ಬಿಸಿನೀರು ಬೇಡ, ಉಜ್ಜುವುದು ಬೇಡ, ಕೂರಿಸುವುದು ಬೇಡ. ಮಲಗಿಸಿ, ಪಂಚೆಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದು, ಇದ್ದಬದ್ದ ಉಣ್ಣೆಯನ್ನೆಲ್ಲ ಸುತ್ತಿದಳು. ಆಂಬುಲೆನ್ಸಿಗೆ ನಾನು ಫೋನು ಮಾಡಿದೆ, ನನ್ನ ಸ್ವೀಡಿಷ್ ಆವತ್ತಿನಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ. ಎಳ್ಳುಬೆಲ್ಲ ಜೆಟ್ಟಿಯ ತುಂಬ ಚೆಲ್ಲಿ ಕಾಲಿನಡಿ ಕರಕರ ಎನ್ನುತ್ತಿತ್ತು. ಅವರ ಕಣ್ಣು ಅರ್ಧ ತೆರೆದಿತ್ತು. ತುಟಿ ಅಲುಗುತ್ತಿತ್ತು. ಬಗ್ಗಿ ಕೇಳಿದೆ. ಮಿತ್ರಾಯ, ರವಯೇ, ಸೂರ್ಯಾಯ, ಭಾನವೇ.

ಎಲ್ಲರೂ ಹೋದ ಮೇಲೆ ಹಲಗೆಯಲ್ಲಿ ಅವರ ಬಿಲ್ಲೆ ಕೆಳಗಿನ ಸಾಲಿನಲ್ಲೇ ಇತ್ತು. ನಾನು ಕೈ ಚಾಚಿದೆ. "ಮುಟ್ಟಬೇಡ," ಎಂದಳು ಗುನಿಲ್ಲಾ. "ಅವನು ಬಂದು ತೆಗೀಬೇಕು. ಬರದಿದ್ದರೆ ಅದೂ ಗೊತ್ತಿರಲಿ."

ಕಳೆದ ಶನಿವಾರ ಆ ಬಿಲ್ಲೆಯ ಎದುರಿಗೆ ನಿಂತಿದ್ದಾಗ ಹನ್ನೊಂದರ ಬಸ್ಸು ಬಂದ ಸದ್ದಾಯಿತು. ಕಾಲುದಾರಿಯಲ್ಲಿ, ಕುತ್ತಿಗೆಗೆ ವಿದ್ಯಕ್ಕ ಹೆಣೆದ ಮಫ್ಲರ್ ಸುತ್ತಿಕೊಂಡು, ಬಂಡೆಗಳ ಮೇಲೆ ಒಂದೊಂದೇ ಕಾಲಿಟ್ಟು ಗಣಪಣ್ಣ ಬಂದರು.

ಹೌದು, ಬದುಕಿದರು. ಆರು ದಿನ ಆಸ್ಪತ್ರೆಯಲ್ಲಿದ್ದರು. ಬಲಗೈಯ ಎರಡು ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ನೀರಿನ ಹತ್ತಿರ ಆಮೇಲೆ ಸುಳಿದಿರಲಿಲ್ಲ. ಮುಳುಗು ಹಾಕಿದ ಮೇಲಿನದು ಒಂದೂ ನೆನಪಿಲ್ಲ ಎನ್ನುತ್ತಿದ್ದರು. ಆದರೆ ಎಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೂ ನನ್ನನ್ನು ಮುಂದೆ ನಿಲ್ಲಿಸಿ, "ಇವಳಿಂದ ಉಳಿದೋನು ನಾನು," ಎಂದು ಹೇಳುವುದು ಮಾತ್ರ ಬಿಡಲಿಲ್ಲ. ಪ್ರತಿ ಸಲವೂ ನನಗೆ ಬೆನ್ನ ಮೇಲೆ ಆ ಗಾಳಿ ಬೀಸಿದ ಹಾಗಾಗುತ್ತಿತ್ತು. ಹೋದ ತಿಂಗಳು ಹೇಳಿದೆ, ಗಣಪಣ್ಣ, ನಿಮ್ಮ ಬಿಲ್ಲೆ ಇನ್ನೂ ನೀರಿನಲ್ಲಿದೆ, ಬಂದು ತೆಗೆಯಿರಿ ಎಂದು.

ಅಷ್ಟರಲ್ಲಿ ಇಬ್ಬರು ಹೆಂಗಸರು ನೀರಿಗಿಳಿದಿದ್ದರು, ಬೆಂಚಿನ ಮೇಲೆ ಗುನಿಲ್ಲಾ ಬಂದು ಕೂತಿದ್ದಳು. ಮಂಡಿ ನೋವಿಗೆ ಈಗ ಅವಳು ಇಳಿಯುವುದಿಲ್ಲ, ಇಳಿಯುವವರನ್ನು ಕಾಯುತ್ತಾಳೆ. ನಾನು ಹಲಗೆಯ ಎದುರಿಗೆ ನಿಂತು, ಅವರ ಮುಖ ನೋಡದೆ, ಎಲ್ಲವನ್ನೂ ಹೇಳಿಬಿಟ್ಟೆ. ಮೂರನೇ ಸಲ ಮಿತ್ರಾಯ ಎಂದಾಗಲೇ ನನಗೆ ಗೊತ್ತಾಗಿದ್ದು. ಗುನಿಲ್ಲಾ ಕೇಳಿದ್ದು. ನಾನು ಹೌದೆಂದದ್ದು.

ಗಣಪಣ್ಣ ಕುತ್ತಿಗೆಯ ಮಫ್ಲರ್ ಸಡಿಲಿಸಿಕೊಂಡರು.

"ನಂಗೂ ಗೊತ್ತಾಗಿತ್ತು ಸುಮಾ," ಎಂದರು. "ಖಗಾಯ ಬರ್ಲಿಲ್ಲ ನೋಡು, ಆವಾಗ್ಲೇ. ನೆನಪಿಲ್ಲ ಅಂತ ಸುಳ್ಳು ಹೇಳ್ಕೊಂಡು ಬಂದೆ. ಕೈ ಸತ್ತುಹೋಗಿತ್ತು, ಕಾಲು ಎಲ್ಲಿದೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ನೀವು ಮೂರು ಜನ ಕೈ ಕಟ್ಕೊಂಡು ನಿಂತಿದೀರಿ. ನಿಮ್ಮೆದುರಿಗೆ ಚಳಿ ಆಗ್ತಿದೆ, ಹೊದಿಕೆ ಕೊಡಿ ಅಂತ ಹ್ಯಾಗೆ ಕೇಳೋದು? ಸಮುದ್ರದ ಮಗ ನಾನು."

ಅವರು ತಿರುಗಿ ನೀರನ್ನು ನೋಡಿದರು. ಗಾಳಿಯಿಲ್ಲದೆ, ಕಪ್ಪಗೆ, ಏನೂ ಆಗಿಲ್ಲವೆಂಬಂತೆ ಅದು ಏಣಿಯನ್ನು ನೆಕ್ಕುತ್ತಿತ್ತು.

"ಇವತ್ತು ಎಷ್ಟು ಡಿಗ್ರಿ?"

"ಹನ್ನೊಂದು."

"ಹನ್ನೊಂದಾ," ಎಂದರು. ಆ ಹಳೇ ನಗು ತುಟಿಯ ಅಂಚಿನಲ್ಲಿ ಬಂದ ಹಾಗೆ ಕಂಡಿತು. ಬಿಲ್ಲೆಯನ್ನು ಮುಟ್ಟಲಿಲ್ಲ. ಜೆಟ್ಟಿಯ ತುದಿಗೆ ನಾಲ್ಕು ಹೆಜ್ಜೆ ನಡೆದು, ಬಗ್ಗಿ, ಬೂಟಿಗೆ ಕೈ ಹಾಕಿದರು.

"ಗಣಪಣ್ಣ, ಬೇಡ! ನಿಲ್ಲಿ! ಬೇಡ ಅಂದ್ರೆ ಬೇಡ!"

ನನ್ನ ಗಂಟಲು ಅಷ್ಟು ಜೋರಾಗಿ ಕಿರುಚಬಲ್ಲದು ಎಂದು ನನಗೇ ಗೊತ್ತಿರಲಿಲ್ಲ. ನೀರಿನಲ್ಲಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಗುನಿಲ್ಲಾ ಎದ್ದು ನಿಂತಿದ್ದಳು. ಗಣಪಣ್ಣ ಬಗ್ಗಿದ ಹಾಗೇ ಕತ್ತೆತ್ತಿ ನನ್ನನ್ನು ನೋಡಿದರು.

"ಲೇಸು ಬಿಚ್ಕೊಂಡಿತ್ತು ಮಾರಾಯ್ತಿ. ಕಟ್ಟೋಣ ಅಂದ್ರೆ ಬೆರಳು ಕೇಳ್ತಿಲ್ಲ."

ಮುಖವೆಲ್ಲ ಬಿಸಿಯಾಯಿತು. ಆಗಲಿ ಅಂದುಕೊಂಡೆ. ಹೋಗಿ ಆ ಕಪ್ಪೆಣ್ಣೆಯ ಹಲಗೆಯ ಮೇಲೆ ಮಂಡಿಯೂರಿ ಕೂತು, ಲೇಸನ್ನು ಎರಡು ಗಂಟು ಹಾಕಿ ಕಟ್ಟಿದೆ. ಅವರು ಎದ್ದುಹೋಗಿ, ಎಡಗೈಯಿಂದ ತಮ್ಮ ಬಿಲ್ಲೆಯನ್ನು ತೆಗೆದು ಮೇಲಿನ ಮೊಳೆಗೆ ಹಾಕಿದರು.